ಬಿಲ್ಲಿಂಗ್ ಕೌಂಟರಿನಿಂದ ವಾರ್ಡಿಗೆ: ನಡುವಣ ತಿಂಗಳುಗಳ ಲೆಕ್ಕ



ದೇಶದ ಕೌಶಲ ಅರ್ಹತಾ ಚೌಕಟ್ಟು, ಅಂದರೆ 2013ರ ಡಿಸೆಂಬರಿನಲ್ಲಿ ಅಧಿಸೂಚನೆಗೊಂಡ ಎನ್‌ಎಸ್‌ಕ್ಯೂಎಫ್, ಒಂದೊಂದು ಉದ್ಯೋಗಕ್ಕೂ ಒಂದು ಹಂತ ಗೊತ್ತುಮಾಡುತ್ತದೆ. ಅಂಗಡಿಯ ಸೇಲ್ಸ್ ಅಸೋಸಿಯೇಟ್ ಅದರಲ್ಲಿ ನಾಲ್ಕನೇ ಹಂತದವರು. ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸಿ, ಊಟ ಮಾಡಿಸಿ, ಮಗ್ಗುಲು ಬದಲಿಸಿ, ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಕರೆದೊಯ್ಯುವ ಜನರಲ್ ಡ್ಯೂಟಿ ಅಸಿಸ್ಟೆಂಟ್, ಎಲ್ಲರ ಬಾಯಲ್ಲಿ ಜಿಡಿಎ, ಅವರೂ ನಾಲ್ಕನೇ ಹಂತದವರೇ. ಕಾಗದದ ಮೇಲೆ ಇಬ್ಬರೂ ಸಮಸಮ. ಆದರೂ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹತ್ತು ವರ್ಷ ಸೀರೆ ಬಿಡಿಸಿ ತೋರಿಸಿದವಳು ವಾರ್ಡಿಗೆ ಹೋಗುತ್ತೇನೆಂದರೆ ಆ ಹತ್ತು ವರ್ಷಕ್ಕೆ ಸಾಮಾನ್ಯವಾಗಿ ಬೆಲೆಯೇ ಇಲ್ಲ. ಹತ್ತನೇ ತರಗತಿ ಮುಗಿಸಿ ನಿನ್ನೆ ಮನೆಯಿಂದ ಹೊರಟ ಹುಡುಗಿಯ ಪಕ್ಕದ ಬೆಂಚಿನಲ್ಲಿ ಅವಳನ್ನೂ ಕೂರಿಸಲಾಗುತ್ತದೆ. ತರಬೇತಿಗೆ ಶುಲ್ಕ ಇಲ್ಲದಿರಬಹುದು. ಆದರೆ ಕಲಿಯುವ ತಿಂಗಳುಗಳಲ್ಲಿ ಮನೆ ಬಾಡಿಗೆ ನಿಲ್ಲುವುದಿಲ್ಲ, ಸಂಬಳ ಮಾತ್ರ ನಿಲ್ಲುತ್ತದೆ.

ಆ ತಿಂಗಳುಗಳ ಖರ್ಚು ಯಾರದು? ಈ ವಿಚಾರ ಸಂಕಿರಣದ ಆಶಯವೆಲ್ಲ ಈ ಪ್ರಶ್ನೆಯ ಸುತ್ತ ಇದೆ.

ಅಂಗಡಿಯ ಕೆಲಸ ಬಿಡಲು ಕಾರಣ ಹುಡುಕಬೇಕಿಲ್ಲ. ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ದುಡಿಯುವುದನ್ನು ಕಂಡು ಪಿ. ವಿಜಿ ಎಂಬ ಹೊಲಿಗೆ ಕೆಲಸಗಾರ್ತಿ 'ಪೆಣ್‌ಕೂಟ್ಟ್' ಸಂಘಟನೆ ಕಟ್ಟಿದರು. ಅವರ ಬೇಡಿಕೆಗಳು ಸರಳವಾಗಿದ್ದವು: ಕೂರಲು ಒಂದು ಸ್ಟೂಲು, ಹೋಗಲು ಒಂದು ಶೌಚಾಲಯ. ಹೋರಾಟದ ಫಲವಾಗಿ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಯನ್ನು ತಿದ್ದಿ, ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕೂರುವುದಕ್ಕೂ ಕಾನೂನು ಬೇಕಾದ ವೃತ್ತಿಯಲ್ಲಿ ಮಂಡಿನೋವು, ತಿಂಗಳ ಟಾರ್ಗೆಟ್, ಹಬ್ಬದ ದಿನವೇ ಸಿಗದ ರಜೆ ಎಲ್ಲವೂ ಸೇರಿವೆ. ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದದ್ದು 2004ರಲ್ಲಿ. ಆಗ ಇಪ್ಪತ್ತರ ಆಸುಪಾಸಿನಲ್ಲಿ ಮಾಲ್ ಕೆಲಸಕ್ಕೆ ಸೇರಿದ ಪೀಳಿಗೆ ಈಗ ನಲವತ್ತು ದಾಟಿದೆ. ಫ್ಲೋರ್ ಮ್ಯಾನೇಜರ್ ಹುದ್ದೆ ಎಲ್ಲರಿಗೂ ಸಿಗುವಂಥದ್ದಲ್ಲ.

ಇತ್ತ ಆಸ್ಪತ್ರೆಗೂ ಮನೆಗೂ ಆರೈಕೆಯ ಕೈಗಳು ಬೇಕು. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಮಕ್ಕಳು ಬೇರೆ ಊರಲ್ಲಿರುವ ಮನೆಗಳಲ್ಲಿ ಪಾರ್ಶ್ವವಾಯು ಬಡಿದ ತಂದೆಯನ್ನು ಎಬ್ಬಿಸಿ ಕೂರಿಸುವವರು ಯಾರು ಎಂಬುದು ಇವತ್ತು ಸಾವಿರಾರು ಕುಟುಂಬಗಳ ದಿನದ ಚಿಂತೆ. ಕೋವಿಡ್ ಕಾಲದಲ್ಲಿ ಈ ಕೊರತೆ ಸರ್ಕಾರಕ್ಕೂ ಎದ್ದು ಕಂಡಿತು. 2021ರ ಜೂನ್ 18ರಂದು ಕೇಂದ್ರ ಸರ್ಕಾರ 26 ರಾಜ್ಯಗಳ 111 ಕೇಂದ್ರಗಳಲ್ಲಿ ಒಂದು ಲಕ್ಷ ಜನರಿಗೆ ತುರ್ತು ತರಬೇತಿ ಕೊಡುವ ಕಾರ್ಯಕ್ರಮ ಆರಂಭಿಸಿತು. ಮನೆ ಆರೈಕೆ, ಮೂಲ ಆರೈಕೆ, ಮುಂದುವರಿದ ಆರೈಕೆ, ತುರ್ತು ಆರೈಕೆ, ಮಾದರಿ ಸಂಗ್ರಹ, ವೈದ್ಯಕೀಯ ಸಲಕರಣೆ ಎಂದು ಆರು ಬಗೆಯ ಕೆಲಸಗಳನ್ನು ಅದರಲ್ಲಿ ಗುರುತಿಸಲಾಗಿತ್ತು. ವೈದ್ಯರು, ದಾದಿಯರ ಕೆಳಗೆ ಇಂಥ ಒಂದು ಪದರ ಇಲ್ಲದೆ ಆಸ್ಪತ್ರೆ ನಡೆಯುವುದಿಲ್ಲ ಎಂಬುದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು.

ಅಂಗಡಿಯವರು ಈ ಕೆಲಸಕ್ಕೆ ಏನನ್ನು ತರಬಲ್ಲರು? 2020ರ ವಸಂತದಲ್ಲಿ ಸ್ವೀಡನ್ನಿನಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಸುಳಿವು ಕೊಡುತ್ತದೆ. ವಿಮಾನಗಳು ನಿಂತು ಎಸ್‌ಎಎಸ್ ಕಂಪನಿ ತನ್ನ ಬಹುಪಾಲು ಸಿಬ್ಬಂದಿಯನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸಿದಾಗ, ಸ್ಟಾಕ್‌ಹೋಮಿನ ಸೋಫಿಯಾಹೆಮೆಟ್ ವಿಶ್ವವಿದ್ಯಾಲಯ ಗಗನಸಖಿಯರಿಗೆ ಕೆಲವೇ ದಿನಗಳ ಕೋರ್ಸ್ ನಡೆಸಿ ಆಸ್ಪತ್ರೆಯ ಸಹಾಯಕ ಕೆಲಸಗಳಿಗೆ ಅಣಿಗೊಳಿಸಿತು. ಗಾಬರಿಗೊಂಡವರನ್ನು ಸಮಾಧಾನಪಡಿಸುವುದು, ಸುರಕ್ಷತೆಯ ಕ್ರಮಗಳನ್ನು ಚಾಚೂ ತಪ್ಪದೆ ಪಾಲಿಸುವುದು, ದಣಿದಿದ್ದರೂ ಮುಖದಲ್ಲಿ ತೋರಗೊಡದಿರುವುದು, ಇವು ಅವರಿಗೆ ಮೊದಲೇ ಕೈವಶವಾಗಿದ್ದವು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಇದೇ ಗಗನಸಖಿಯರನ್ನು ಇಟ್ಟುಕೊಂಡು, ಭಾವನೆಯನ್ನು ಹದ್ದುಬಸ್ತಿನಲ್ಲಿಡುವುದೂ ಒಂದು ದುಡಿಮೆಯೇ ಎಂದು ವಾದಿಸಿದ್ದರು. ಸೀರೆ ಅಂಗಡಿಯ ಹುಡುಗಿ ಅರವತ್ತನೇ ಸೀರೆ ಬಿಡಿಸುವಾಗ ಮಾಡುವುದೂ ಅದೇ ದುಡಿಮೆ.

ಸೂಪರ್ ಮಾರ್ಕೆಟ್ಟಿನವರು ಮೊದಲು ಅವಧಿ ಮುಗಿಯುವ ಸರಕನ್ನು ಮುಂದಿಟ್ಟು, ಹೊಸದನ್ನು ಹಿಂದೆ ಸರಿಸುತ್ತಾರೆ. ವಾರ್ಡಿನ ಔಷಧ ಕಪಾಟಿನ ನಿಯಮವೂ ಇದೇ. ರಾತ್ರಿ ಕ್ಯಾಶ್ ತಾಳೆಯಾಗದೆ ಮನೆಗೆ ಹೋಗಬಾರದೆಂಬ ಶಿಸ್ತು ಕಲಿತವರಿಗೆ ರೋಗಿ ಕುಡಿದ ನೀರು, ಹೋದ ಮೂತ್ರ ಎರಡನ್ನೂ ಅಳತೆ ಮಾಡಿ ಬರೆದಿಡುವುದು ಹೊರೆ ಎನಿಸುವುದಿಲ್ಲ. ಬಾಗಿಲಲ್ಲಿ ಕಾಲಿಟ್ಟವರ ಮುಖ ನೋಡಿಯೇ ಇವರು ಕೊಳ್ಳುವವರೋ ಸುಮ್ಮನೆ ಬಂದವರೋ ಎಂದು ಅಳೆಯುವ ಕಣ್ಣಿಗೆ, ಬೆಳಿಗ್ಗೆ ಮಾತಾಡುತ್ತಿದ್ದ ಅಜ್ಜಿ ಸಂಜೆ ಮಂಕಾಗಿರುವುದೂ ಬೇಗ ಕಾಣಿಸುತ್ತದೆ. ಅದನ್ನು ಸಿಸ್ಟರಿಗೆ ತಕ್ಷಣ ಹೇಳಬೇಕೆಂಬುದನ್ನು ಮಾತ್ರ ಕಲಿಸಬೇಕು.

ಕಲಿಸಬೇಕಾದದ್ದಕ್ಕಿಂತ ಮರೆಸಬೇಕಾದದ್ದು ಕಷ್ಟದ್ದು. ಅಂಗಡಿಯಲ್ಲಿ ಗಿರಾಕಿ ಕೇಳಿದ್ದನ್ನು ಕೊಡುವುದೇ ಧರ್ಮ. ಶಸ್ತ್ರಚಿಕಿತ್ಸೆಗೆ ಮುನ್ನ ಬಾಯಿಗೆ ಏನೂ ಹಾಕಬಾರದೆಂದು ಬರೆದಿರುವ ರೋಗಿ ಕೈಮುಗಿದು ಗುಟುಕು ನೀರು ಕೇಳಿದಾಗ ಕೊಟ್ಟರೆ, ಅರಿವಳಿಕೆಯ ಹೊತ್ತಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತು ಬರಬಹುದು. ಅಂಗಡಿಯಲ್ಲಿ 'ಗೊತ್ತಿಲ್ಲ' ಎಂದರೆ ವ್ಯಾಪಾರ ಕೆಡುತ್ತದೆ. ವಾರ್ಡಿನಲ್ಲಿ 'ಗೊತ್ತಿಲ್ಲ, ಸಿಸ್ಟರನ್ನು ಕೇಳಿ ಬರುತ್ತೇನೆ' ಎನ್ನುವುದೇ ಸರಿಯಾದ ಉತ್ತರ. 'ಎಲ್ಲ ಸರಿಹೋಗುತ್ತೆ ಬಿಡಿ ಸಾರ್' ಎಂಬ ಮಾರಾಟದ ಭರವಸೆ ಅಲ್ಲಿ ಸಲ್ಲದು.

ಇನ್ನು ಮೈಗೆ ಸಂಬಂಧಿಸಿದ ಕೆಲಸ. ಮಲಮೂತ್ರ, ಕೀವು, ವಾಸನೆ, ಕೊನೆಗೆ ಸಾವು. ಇದನ್ನು ಮುಚ್ಚಿಟ್ಟು ಬಿಳಿ ಸಮವಸ್ತ್ರದ ಫೋಟೊ ತೋರಿಸಿ ಸೇರಿಸಿಕೊಂಡರೆ ಮೊದಲ ವಾರದಲ್ಲೇ ಅರ್ಧ ಜನ ಹಿಂದಿರುಗಿದರೂ ಆಶ್ಚರ್ಯವಿಲ್ಲ. ನಮ್ಮ ಸಮಾಜದಲ್ಲಿ ಬೇರೆಯವರ ಹೇಸಿಗೆ ಮುಟ್ಟುವ ಕೆಲಸವನ್ನು ಜಾತಿಯ ಲೆಕ್ಕದಲ್ಲಿ ಹಂಚಲಾಗಿದೆ. 'ಶೋರೂಮಿನಲ್ಲಿ ನೀಟಾಗಿದ್ದವಳು ಬೆಡ್‌ಪ್ಯಾನ್ ಎತ್ತೋದಕ್ಕೆ ಹೋಗ್ತಾಳಂತೆ' ಎಂಬ ಮನೆಯವರ ಮಾತಿನ ಹಿಂದೆ ಆ ಲೆಕ್ಕ ಇದೆ. ತರಬೇತಿಯ ಪಠ್ಯ ಈ ಬಗ್ಗೆ ಬಾಯಿಬಿಟ್ಟು ಮಾತಾಡದಿದ್ದರೆ, ಹೊಸಬರು ಆ ಕೆಲಸವನ್ನು ತಮಗಿಂತ ಕೆಳಗಿನವರೆಂದು ಎಣಿಸಿದವರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಾರೆ. ಅಲುಗಾಡಲಾಗದ ರೋಗಿಯ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಅದರ ವಾಸನೆಗೆ ಹೆದರಿ ದೂರ ನಿಂತರೆ ಹುಣ್ಣು ಮೂಳೆ ಮುಟ್ಟುತ್ತದೆ. ಮೈ ಮುಟ್ಟುವ ಈ ಕೆಲಸವೂ ಕೌಶಲದ್ದೇ ಎಂದು, ಹೀಗೆ ಪರಿಣಾಮಗಳನ್ನು ತೋರಿಸಿಯೇ ಹೇಳಿಕೊಡಬೇಕು.

ಅಪಾಯಗಳೂ ಹೊಸವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಣ್ಣ ಗೊತ್ತುಮಾಡಿವೆ. ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಹೋಗಬೇಕಾದ ಸೂಜಿ ಮತ್ತೊಂದು ಚೀಲಕ್ಕೆ ಬಿದ್ದರೆ ಚುಚ್ಚುವುದು ಅದನ್ನು ಎತ್ತುವವರ ಕೈಗೆ. ಸೂಜಿ ಚುಚ್ಚಿದಾಗ ಎಚ್‌ಐವಿ ತಡೆಯ ಔಷಧವನ್ನು ಆದಷ್ಟು ಬೇಗ, ತಡವಾದರೂ 72 ಗಂಟೆಯೊಳಗೆ ಆರಂಭಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಹಾಗಾದರೆ ಮೊದಲ ಡೋಸ್ ಕೊಡಬೇಕಾದದ್ದು ತರಗತಿಯ ಮೊದಲ ವಾರದಲ್ಲೇ ತಾನೆ? ಅದರ ದುಡ್ಡು ಕೊಡುವವರು ಯಾರು ಎಂಬಲ್ಲಿ ಮತ್ತೆ ಮೊದಲಿನ ಪ್ರಶ್ನೆಗೇ ಬರಬೇಕಾಗುತ್ತದೆ.

ಈ ಪ್ರಶ್ನೆಗೆ ಬೇರೆ ದೇಶಗಳು ಉತ್ತರ ಹುಡುಕಿವೆ. ಅಮೆರಿಕದಲ್ಲಿ 1987ರ ಕಾನೂನಿನ ಪ್ರಕಾರ ನರ್ಸಿಂಗ್ ಹೋಮ್‌ಗಳ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯ. ಅದರಲ್ಲಿ 16 ಗಂಟೆ ಕಲಿಯದೆ ರೋಗಿಯನ್ನು ಮುಟ್ಟುವಂತಿಲ್ಲ. ಕೆಲಸಕ್ಕೆ ಸೇರಿದವರು ನಾಲ್ಕು ತಿಂಗಳೊಳಗೆ ಅರ್ಹತೆ ಪಡೆಯಬೇಕು, ಆದರೆ ಆ ತರಬೇತಿಯ ಶುಲ್ಕವನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ಸ್ಟಾಫರ್ಡ್ ಆಸ್ಪತ್ರೆಯ ಆರೈಕೆ ವೈಫಲ್ಯ ಬಯಲಾದ ಮೇಲೆ ಪತ್ರಕರ್ತೆ ಕಮಿಲಾ ಕ್ಯಾವೆಂಡಿಶ್ 2013ರಲ್ಲಿ ವರದಿ ಕೊಟ್ಟು, ರೋಗಿಯ ಹತ್ತಿರದ ಆರೈಕೆಯ ಬಹುಪಾಲು ಮಾಡುವ ಸಹಾಯಕರ ತರಬೇತಿಗೆ ಒಂದು ಸಮಾನ ಮಟ್ಟವೇ ಇಲ್ಲವೆಂದು ತೋರಿಸಿದರು. 2015ರ ಏಪ್ರಿಲಿನಲ್ಲಿ 15 ಮಾನದಂಡಗಳ ಕೇರ್ ಸರ್ಟಿಫಿಕೇಟ್ ಬಂತು. ಅದನ್ನು ಪಡೆಯುವುದು ಕೆಲಸಕ್ಕೆ ಸೇರಿದ ಮೇಲೆ, ಕೆಲಸದ ಭಾಗವಾಗಿ. ಎರಡೂ ಕಡೆ ಹೀಗೆ ಕೆಲಸಕ್ಕೆ ಸೇರಿ ಕಲಿಯುವವರು ಬೀದಿಯಲ್ಲಿಲ್ಲ, ಸಂಬಳದ ಪಟ್ಟಿಯಲ್ಲಿದ್ದಾರೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಈಗಿರುವ ರೂಪದಲ್ಲಿ 30 ಅಥವಾ ಹೆಚ್ಚು ಸಿಬ್ಬಂದಿಯ ಸಂಸ್ಥೆಗಳು ತಮ್ಮ ಸಿಬ್ಬಂದಿ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆನ್ನುತ್ತದೆ. ಅವರಿಗೆ ಸ್ಟೈಪೆಂಡ್ ಕಡ್ಡಾಯ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಅದರ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುವ ಏರ್ಪಾಡೂ ಆಯಿತು. ಇನ್ನೂರು ಹಾಸಿಗೆಯ ಆಸ್ಪತ್ರೆಯೊಂದು ಈ ಬಾಗಿಲಿನಿಂದ ಅಂಗಡಿ ನೌಕರರನ್ನು ಒಳಗೆ ಕರೆದುಕೊಂಡರೆ ಅವರು ಬರಿಗೈಯಲ್ಲಿ ಕಲಿಯಬೇಕಿಲ್ಲ. ಸ್ಟೈಪೆಂಡ್ ಹಳೆಯ ಸಂಬಳದಷ್ಟು ಆಗದಿರಬಹುದು. ಆ ಅಂತರ ತುಂಬುವುದು ಹೇಗೆಂಬ ಚರ್ಚೆಯಾದರೂ ಒಂದು ಖಚಿತ ಅಂಕಿಯಿಂದ ಶುರುವಾಗುತ್ತದೆ. ಹಿಂದಿನ ಕಲಿಕೆಗೆ ಮಾನ್ಯತೆ ಕೊಡುವ ಆರ್‌ಪಿಎಲ್ ಪದ್ಧತಿ ಇದೆ. ಕಲಿಕೆಯ 30 ಗಂಟೆಗೆ ಒಂದು ಕ್ರೆಡಿಟ್ ಎಂದು ಲೆಕ್ಕ ಹಾಕುವ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟೂ ಇದೆ. ಸಂವಹನ, ದಾಖಲೆ, ದಾಸ್ತಾನು ಇವುಗಳಲ್ಲಿ ಅಂಗಡಿಯ ಅನುಭವಕ್ಕೆ ಕ್ರೆಡಿಟ್ ಕೊಟ್ಟು, ಉಳಿದ ಗಂಟೆಗಳನ್ನು ಸೋಂಕು ತಡೆ, ರೋಗಿಯನ್ನು ಎತ್ತುವ ವಿಧಾನ, ನಾಡಿ ಮತ್ತು ರಕ್ತದೊತ್ತಡ ನೋಡುವುದಕ್ಕೆ ಮೀಸಲಿಟ್ಟರೆ ಕೋರ್ಸ್ ಚಿಕ್ಕದಾಗುತ್ತದೆ, ಆದರೆ ತೆಳುವಾಗುವುದಿಲ್ಲ.

ಒಳಗೆ ಬಂದವರ ಮುಂದಿನ ದಾರಿ? ಜಿಡಿಎ ಒಂದೇ ಬಾಗಿಲಲ್ಲ. ಬಿಲ್ಲಿಂಗ್, ವಿಮೆ ಡೆಸ್ಕ್, ರಕ್ತ ತೆಗೆಯುವ ಕೆಲಸ, ಸಲಕರಣೆ ಶುದ್ಧೀಕರಣ ವಿಭಾಗ, ಮನೆ ಆರೈಕೆ ಎಲ್ಲವೂ ಇವೆ. ಪಿಯುಸಿಯಲ್ಲಿ ವಾಣಿಜ್ಯ ಓದಿದವರಿಗೆ ಡಿ.ಫಾರ್ಮ ಸಿಗುವುದಿಲ್ಲ, ಅದಕ್ಕೆ ವಿಜ್ಞಾನವೇ ಬೇಕು. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಕೋರ್ಸುಗಳ ಬಾಗಿಲು ಬೇರೆ ವಿಭಾಗದವರಿಗೂ ತೆರೆದಿದೆ, ವಯಸ್ಸಿನ ಮಿತಿಯೊಂದಿಗೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯಿದೆ ಕನಿಷ್ಠ 2,000 ಗಂಟೆಗಳ ವ್ಯಾಸಂಗ ಕೇಳುತ್ತದೆ. ಕೆಲವೇ ತಿಂಗಳ ತರಬೇತಿಯ ಜಿಡಿಎಗಳು ಅದರ ಹೊರಗೇ ಉಳಿಯುತ್ತಾರೆ. ನೋಂದಣಿ ಇಲ್ಲ, ಮಂಡಳಿ ಇಲ್ಲ. ಇದರ ಲಾಭ ಪಡೆದು ಹಣ ಕಟ್ಟಿಸಿಕೊಂಡು, ವಾರ್ಡಿನ ಮುಖ ತೋರಿಸದೆ ಪ್ರಮಾಣಪತ್ರ ಕೈಗಿಡುವ ಕೇಂದ್ರಗಳು ಹುಟ್ಟಿಕೊಳ್ಳುತ್ತವೆ. ವಿದೇಶದ ಆಸೆ ತೋರಿಸುವವರೂ ಇದ್ದಾರೆ. ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ದಾರಿಯನ್ನು ಬ್ರಿಟನ್ 2025ರ ಜುಲೈ 22ಕ್ಕೆ ಮುಚ್ಚಿದೆ ಎಂಬ ಸುದ್ದಿ ಅಂಥವರ ಕರಪತ್ರಗಳಲ್ಲಿ ಇರುವುದಿಲ್ಲ.

ಮನೆ ಆರೈಕೆಗೆ ಹೋಗುವ ಹೆಣ್ಣುಮಕ್ಕಳ ಸುರಕ್ಷತೆ ಬೇರೆಯೇ ವಿಷಯ. ಮಾಲಿನಲ್ಲಿ ಸುತ್ತ ಜನ, ಕ್ಯಾಮೆರಾ; ರೋಗಿಯ ಮನೆಯಲ್ಲಿ ಮುಚ್ಚಿದ ಬಾಗಿಲು. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆ ಮನೆಯನ್ನೂ ಕೆಲಸದ ಸ್ಥಳವೆಂದು ಗಣಿಸಿ, ದೂರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯನ್ನು ಇಟ್ಟಿದೆ. ಆ ಸಮಿತಿಯ ವಿಳಾಸ ತರಬೇತಿ ಪಠ್ಯದ ಮೊದಲ ಪುಟದಲ್ಲೇ ಇರಬೇಕು.

ಈ ಎರಡು ದಿನಗಳ ಗೋಷ್ಠಿಗಳ ಮುಂದೆ ಮೂರು ಕೆಲಸಗಳಿವೆ. ಮೊದಲ ಗೋಷ್ಠಿ ಸೇಲ್ಸ್ ಅಸೋಸಿಯೇಟ್ ಮತ್ತು ಜಿಡಿಎ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು, ಯಾವ ಘಟಕಕ್ಕೆ ವಿನಾಯಿತಿ ಕೊಡಬಹುದು, ಯಾವುದಕ್ಕೆ ಸುತರಾಂ ಕೊಡಬಾರದು ಎಂದು ಗುರುತು ಹಾಕಲಿ. ಎರಡನೆಯದರಲ್ಲಿ ಆಸ್ಪತ್ರೆಗಳ ಮಾನವ ಸಂಪನ್ಮೂಲ ವಿಭಾಗದವರು ತಮ್ಮಲ್ಲಿ ಈಗ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ, ಕಾಯಿದೆಯ ಪ್ರಕಾರ ಎಷ್ಟು ಇರಬೇಕು ಎಂಬ ಅಂಕಿಗಳನ್ನು ಮೇಜಿನ ಮೇಲಿಡಲಿ. ಮೂರನೆಯದರಲ್ಲಿ ಮಾತಾಡಬೇಕಾದವರು ಸಭೆಯ ಹಿಂದಿನ ಸಾಲುಗಳಲ್ಲಿರುವ ಅಂಗಡಿ ನೌಕರರು: ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಸೇರಿ ತಿಂಗಳಿಗೆ ಎಷ್ಟಿದ್ದರೆ ಕಲಿಕೆಯ ಅವಧಿಯನ್ನು ದಾಟಬಹುದೆಂದು ಅವರೇ ಹೇಳಲಿ. ಎರಡನೇ ಗೋಷ್ಠಿಯ ಅಂಕಿಗಳನ್ನು ಆ ಮೊತ್ತದ ಎದುರಿಗಿಟ್ಟು ಸರ್ಕಾರಕ್ಕೂ ಆಸ್ಪತ್ರೆಗಳಿಗೂ ಶಿಫಾರಸು ಬರೆಯುವುದು ಸಮಾರೋಪಕ್ಕೆ ಮುನ್ನ ಮುಗಿಯಬೇಕಾದ ಕೆಲಸ.