ಹಿತ್ತಲು, ಅಡುಗೆಮನೆ ಮತ್ತು ದಾಸೋಹ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠಕ್ಕೆ ಬಂದ ಭಕ್ತರು ಮೊದಲು ಗದ್ದುಗೆಯ ದರ್ಶನವನ್ನು ಮಾಡಿ, ಅನಂತರ ಪ್ರಸಾದದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ವಾಡಿಕೆ. ಆದರೆ ಎಡೆಗೆ ಬಂದ ಅನ್ನವು ಯಾರ ಬೆವರಿನಿಂದ ಬೆಳೆಯಿತು, ಯಾರ ಕೈಯಿಂದ ಬೆಂದಿತು ಎಂಬ ವಿಚಾರವು ಬಹುಮಂದಿಯ ಮನಸ್ಸಿಗೆ ಬರುವುದಿಲ್ಲ. ಕಾಯಕದಿಂದ ದೊರೆತುದೇ ದಾಸೋಹಕ್ಕೆ ಯೋಗ್ಯವೆಂಬುದು ಶರಣಧರ್ಮದ ತಿರುಳು. ಆದಕಾರಣ ತಾವೇ ಬೆಳೆದು ತಾವೇ ಅಟ್ಟು ಉಣ್ಣುವ ಊಟದ ಮಾತು ಕೇವಲ ನಾಲಗೆಯ ರುಚಿಯ ಮಾತಲ್ಲ. ಅದು ಧರ್ಮವಿಚಾರವೇ ಸರಿ.

12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯು ಸರ್ವರಿಗೂ ವಿದಿತವೇ ಇದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೆ ಏರಿಸದೆ ಹಿಂದಕ್ಕೆ ಕಳುಹಿಸಿದರು. ಧಾನ್ಯದ ಮೂಲವನ್ನು ವಿಚಾರಿಸುವ ಅಧಿಕಾರವು ಒಲೆಯ ಮುಂದೆ ನಿಂತವರಿಗೆ ಉಂಟೆಂಬುದನ್ನು ಆ ಮಹಾತಾಯಿಯು ತೋರಿಸಿಕೊಟ್ಟಳು. ಇಂದು ಅಂಗಡಿಯ ಪೊಟ್ಟಣವನ್ನು ಬಿಚ್ಚಿ ಪಾತ್ರೆಗೆ ಸುರಿಯುವವರಿಗೆ ಅದರೊಳಗಿನ ವಸ್ತು ಯಾವ ಹೊಲದ್ದು, ಅದಕ್ಕೆ ಏನೇನು ಬೆರೆತಿದೆ ಎಂದು ಕೇಳುವುದಕ್ಕೂ ಅವಕಾಶವಿಲ್ಲ.

ಪೂರ್ವಿಕರ ಊಟದಲ್ಲಿ ನೆಲದ ಗುಣವೂ ಮನೆಯ ವಿವೇಕವೂ ಕೂಡಿದ್ದವು. ಎರೆಯ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತಿದರೆ, ಮಳೆ ನಿಂತ ಮೇಲೆಯೂ ಮಣ್ಣಿನಲ್ಲಿ ಉಳಿದ ತೇವದಿಂದಲೇ ಅದು ಬೆಳೆಯುವುದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಾಗಾದರೆ ರೊಟ್ಟಿಯು ಒಡೆಯದೆ ಬರುವುದೆಂತು? ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು ನಾದಿದಾಗ ಪಿಷ್ಟವು ಬೆಂದು ಜಿಗಿಯಾಗುತ್ತದೆ. ಆ ಜಿಗಿಯೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಯಾವ ಶಾಸ್ತ್ರಗ್ರಂಥವನ್ನೂ ಓದದ ತಾಯಂದಿರು ಇದನ್ನು ಕೈಯಿಂದಲೇ ಅರಿತಿದ್ದರು.

ಮೈಸೂರು ಸೀಮೆಯ ಕೆಂಪು ನೆಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಇಕ್ಕುವ ಪದ್ಧತಿಯೂ ಇಂಥದೇ. ಅವರೆ ತೊಗರಿಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸತ್ತ್ವವನ್ನೀಯುತ್ತವೆ. ರಾಗಿಯಲ್ಲಿ ಕಡಿಮೆಯಾಗಿರುವ ಪುಷ್ಟಿಯ ಅಂಶವು ಬೇಳೆಯಲ್ಲಿ ಹೇರಳವಾಗಿದೆ. ಹೀಗೆ ಹೊಲದಲ್ಲಿ ಜೊತೆಯಾಗಿದ್ದವು ಮುದ್ದೆ ಸಾರುಗಳಾಗಿ ಎಡೆಯಲ್ಲಿಯೂ ಜೊತೆಯಾಗುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಬಹುಕಾಲ ಬಡವರ ಧಾನ್ಯವೆಂದು ಕಡೆಗಣಿಸಲ್ಪಟ್ಟ ಈ ಸಿರಿಧಾನ್ಯಗಳಿಗೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನೇ ಮೀಸಲಿಟ್ಟಿತು.

ಹೊಲವಿಲ್ಲದವರು ಏನು ಮಾಡಬೇಕೆಂದು ಕೇಳಬಹುದು. ಹೊಲವಿಲ್ಲದಿದ್ದರೆ ಹಿತ್ತಲುಂಟು, ಹಿತ್ತಲಿಲ್ಲದಿದ್ದರೆ ಮಾಳಿಗೆಯ ಮೇಲೆ ನಾಲ್ಕು ಕುಂಡಗಳುಂಟು. ಒಂದು ನುಗ್ಗೆ, ಒಂದು ಕರಿಬೇವು, ಗೋಡೆಗೆ ಹಬ್ಬಿದ ಬಸಳೆ, ಚಪ್ಪರದ ಹೀರೆ, ಮಡಿಯಲ್ಲಿ ಮೆಂತ್ಯ, ಹರಿವೆ, ಪುಂಡಿ: ಇಷ್ಟಿದ್ದರೆ ಮನೆಯ ಪಲ್ಯಕ್ಕೆ ಎಷ್ಟೋ ದಿನ ಪೇಟೆಯ ಹಂಗಿಲ್ಲ. ಅಕ್ಕಿ ಕಾಯಿಪಲ್ಯಗಳನ್ನು ತೊಳೆದ ನೀರೇ ಮಡಿಗೆ ನೀರು; ಸಿಪ್ಪೆ ಕಸರುಗಳೇ ತಿಪ್ಪೆಯಲ್ಲಿ ಕೊಳೆತು ಗೊಬ್ಬರ. ಕೊಯ್ದ ಸೊಪ್ಪನ್ನು ಕೂಡಲೆ ಬೇಯಿಸಿ ನಿಂಬೆಯ ರಸವನ್ನು ಹಿಂಡಿದರೆ, ಅದರಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ಬಲಿತ ಒಂದು ಹೀರೆಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟರೆ ಮುಂದಿನ ವರುಷದ ಬೀಜವೂ ಮನೆಯಲ್ಲಿಯೇ ಸಿದ್ಧ.

ಆದರೆ ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಲೇಬೇಕು. ಹಿಂದಿನ ಕಾಲದ ಊಟವನ್ನು ಹೊಗಳುವವರು ಅದರ ಹಿಂದಿದ್ದ ಹೆಂಗಸರ ದಣಿವನ್ನು ನೆನೆಯುವುದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಹೊಗೆಯಲ್ಲಿ ಕಣ್ಣುರಿಸಿಕೊಂಡು ಅಟ್ಟು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡವರು ಅವರು. ಹಿಟ್ಟಿನ ಗಿರಣಿಯು ಬಂದು ಅವರ ತೋಳಿಗೆ ವಿಶ್ರಾಂತಿಯನ್ನಿತ್ತುದು ಪುಣ್ಯದ ಕೆಲಸವೇ. ಮನೆಯ ಅಡುಗೆಗೆ ಮರಳಿರೆಂಬ ಉಪದೇಶವು ಆ ಭಾರವನ್ನು ಪುನಃ ಅವರೊಬ್ಬರ ಹೆಗಲಿಗೇ ಹೊರಿಸುವುದಾದರೆ ಅದು ಉಪದೇಶವಲ್ಲ, ಅನ್ಯಾಯ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಭೆಯಲ್ಲಿ ನುಡಿದು, ಮನೆಯಲ್ಲಿ ಸೌಟು ಹಿಡಿಯಲು ನಾಚುವ ಗಂಡಸಿನ ನುಡಿಯೊಂದು, ನಡೆಯೊಂದು. ಮಡಿಯನ್ನು ಅಗೆಯುವುದು, ಸೊಪ್ಪು ಸೋಸುವುದು, ಎಂಜಲೆತ್ತುವುದು ಇವೆಲ್ಲವೂ ಮನೆಯ ಸರ್ವರ ಕಾಯಕವಾಗಬೇಕು. ಮಕ್ಕಳೂ ಒಂದೊಂದು ಗಿಡವನ್ನು ತಮ್ಮದೆಂದು ಸಾಕಬೇಕು.

ಹೀಗೆ ಮನೆಯ ಒಲೆ ಉರಿದರೆ ಮಠದ ಒಲೆಗೂ ಬಲ ಬರುವುದು. ಕೊಪ್ಪಳದ ಶ್ರೀ ಗವಿಮಠದ ಜಾತ್ರೆಯೇ ಇದಕ್ಕೆ ಸಾಕ್ಷಿ. ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ತಟ್ಟಿ ಒಣಗಿಸಿದ ಜೋಳದ ರೊಟ್ಟಿಗಳು ಬಂಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಅಲ್ಲಿಯ ಮಹಾದಾಸೋಹಕ್ಕೆ ಬಂದು ಸೇರುತ್ತವೆ. ಆ ರಾಶಿಯಲ್ಲಿ ಸಿರಿವಂತನ ರೊಟ್ಟಿ ಯಾವುದು, ಕೂಲಿಯವಳ ರೊಟ್ಟಿ ಯಾವುದು ಎಂದು ಗುರುತಿಸಲು ಯಾರಿಗೂ ಸಾಧ್ಯವಿಲ್ಲ. ಹಣದ ಕಾಣಿಕೆಗೆ ಹೆಚ್ಚು ಕಡಿಮೆಗಳುಂಟು. ಕೈಯಾರೆ ತಟ್ಟಿದ ರೊಟ್ಟಿಗೆ ಆ ಭೇದವಿಲ್ಲ.

ಆದಕಾರಣ ಈ ಮಹೋತ್ಸವದ ನೆನಪಿಗಾಗಿ ಪ್ರತಿಯೊಂದು ಭಕ್ತರ ಮನೆಯಲ್ಲಿಯೂ ಒಂದು ಸೊಪ್ಪಿನ ಮಡಿಯು ಏಳಲಿ. ವಾರಕ್ಕೊಂದು ಹೊತ್ತಾದರೂ ತಾವು ಬೆಳೆದುದನ್ನು ತಾವೆಲ್ಲರೂ ಕೂಡಿ ಅಟ್ಟು, ಹಸಿದು ಬಂದವರಿಗೆ ಮೊದಲು ಬಡಿಸಿ ಅನಂತರ ಉಣ್ಣುವ ನೇಮವು ನಿಲ್ಲಲಿ. ಆಗ ಅಡುಗೆಮನೆಯೇ ಮಹಾಮನೆಯಾದೀತು.