ಗಣಿತ ಕಲಿಕೆಗೆ ಆನ್‌ಲೈನ್ ಮೌಲ್ಯಮಾಪನ: ನಮ್ಮ ಕಾಲೇಜುಗಳಿಗೆ ಏನು ಪ್ರಯೋಜನ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪದವಿಯಲ್ಲಿ ಗಣಿತ ತೆಗೆದುಕೊಂಡ ಮಕ್ಕಳು ಎಡವುವುದು ಎಲ್ಲಿ? ಬುದ್ಧಿ ಸಾಲದೆ ಎಡವುವವರು ಕಡಿಮೆ. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂದು ಸಕಾಲದಲ್ಲಿ ಹೇಳುವವರಿಲ್ಲದೆ ಎಡವುವವರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ನೀವೇ ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ 60 ಮಂದಿ ಇದ್ದು, ವಾರಕ್ಕೆ ಐದೈದು ಲೆಕ್ಕ ಕೊಟ್ಟರೆ ಅಧ್ಯಾಪಕರು 300 ಲೆಕ್ಕ ತಿದ್ದಬೇಕು. ಅಂಥ ಮೂರು ತರಗತಿಗಳಿದ್ದರೆ 900. ಇದು ಯಾರಿಂದಲೂ ಆಗದ ಕೆಲಸ. ಹಾಗಾಗಿ ಲೆಕ್ಕ ಕೊಡುವುದೇ ನಿಂತುಹೋಗುತ್ತದೆ. ವಿದ್ಯಾರ್ಥಿಗೆ ತನ್ನ ತಪ್ಪು ತಿಳಿಯುವುದು ಫಲಿತಾಂಶ ಬಂದಾಗಲೇ. ಪಟ್ಟಣದ ಹುಡುಗ ಟ್ಯೂಷನ್‌ಗೆ ಹೋದಾನು. ಸಂಜೆಯ ಬಸ್ಸು ಹಿಡಿದು ಅರಕಲಗೂಡಿನ ಕಡೆಯ ಹಳ್ಳಿಗೆ ಮರಳಬೇಕಾದ ಹುಡುಗಿ ಏನು ಮಾಡಬೇಕು?

ಈ ತೊಂದರೆಗೆ ಒಂದು ಉಪಾಯವಿದೆ. ಆನ್‌ಲೈನ್ ಪರೀಕ್ಷೆ ಎಂದೊಡನೆ ನಮಗೆ ನೆನಪಾಗುವುದು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ. ಗಣಿತಕ್ಕೆ ಅದು ಸಾಲದು. ಇಂಟಿಗ್ರೇಶನ್ ಮಾಡಿ ಎಂದು ಕೇಳಿ ನಾಲ್ಕು ಉತ್ತರ ಕೊಟ್ಟರೆ, ಜಾಣ ವಿದ್ಯಾರ್ಥಿ ಆ ನಾಲ್ಕನ್ನೂ ಡಿಫರೆನ್ಶಿಯೇಟ್ ಮಾಡಿ ನೋಡುತ್ತಾನೆ. ಕೇಳಿದ್ದು ಒಂದು, ಪರೀಕ್ಷಿಸಿದ್ದು ಇನ್ನೊಂದು!

ಉತ್ತರವನ್ನು ವಿದ್ಯಾರ್ಥಿಯೇ ಬರೆಯಬೇಕು, ಯಂತ್ರ ಅದನ್ನು ಓದಿ ತಿದ್ದಬೇಕು. ಅಂಥ ಸಾಧನಗಳು ಇವೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ 'ವೆಬ್‌ವರ್ಕ್' ತಯಾರಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಕ್ರಿಸ್ ಸ್ಯಾಂಗ್ವಿನ್ ಎಂಬ ಗಣಿತಜ್ಞರು 'ಸ್ಟ್ಯಾಕ್' ಎಂಬುದನ್ನು ಆರಂಭಿಸಿದರು. ಇದು 'ಮ್ಯಾಕ್ಸಿಮಾ' ಎಂಬ ಬೀಜಗಣಿತ ತಂತ್ರಾಂಶದ ಬಲದಿಂದ ಉತ್ತರವನ್ನು ಪರಿಶೀಲಿಸುತ್ತದೆ. 'ಮೂಡಲ್' ಎಂಬ ಕಲಿಕಾ ವ್ಯವಸ್ಥೆಯೊಳಗೆ ಕೆಲಸ ಮಾಡುತ್ತದೆ. ಹೆಸರು ಕೇಳಿ ನಮ್ಮ ಮೂಡಲಸೀಮೆಯದು ಎಂದುಕೊಳ್ಳಬೇಡಿ, ಮೂಡಲ್ 2002ರಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು. ಸ್ಟ್ಯಾಕ್, ಮ್ಯಾಕ್ಸಿಮಾ, ಮೂಡಲ್ ಮೂರೂ ಮುಕ್ತ ತಂತ್ರಾಂಶಗಳು. ಪರವಾನಗಿಗೆ ಹಣ ಕೊಡಬೇಕಾಗಿಲ್ಲ.

ಇದು ಕೆಲಸ ಮಾಡುವ ಬಗೆ ನೋಡಿ. 2 ಎಕ್ಸ್‌ನ ಇಂಟಿಗ್ರಲ್ ಕೇಳಿದಾಗ ವಿದ್ಯಾರ್ಥಿ ಬರೀ 'ಎಕ್ಸ್ ವರ್ಗ' ಎಂದು ಬರೆದರೆ, ಸ್ಥಿರಾಂಕ ಬಿಟ್ಟಿದ್ದೀರಿ ಎಂದು ತಕ್ಷಣ ಹೇಳುವಂತೆ ಮಾಡಬಹುದು. 'ಸೈನ್ ವರ್ಗ' ಎನ್ನುವ ಬದಲು '1ರಿಂದ ಕಾಸ್ ವರ್ಗ ಕಳೆದದ್ದು' ಎಂದು ಬರೆದರೂ ಎರಡೂ ಒಂದೇ ಎಂದು ಅದು ಒಪ್ಪಿಕೊಳ್ಳುತ್ತದೆ. ಎಕ್ಸ್ ವರ್ಗವನ್ನೂ ಸೈನ್ ಎಕ್ಸ್ ಅನ್ನೂ ಗುಣಿಸಿ ಡಿಫರೆನ್ಶಿಯೇಟ್ ಮಾಡು ಎಂದಾಗ, ಎರಡನ್ನೂ ಬೇರೆಬೇರೆ ಡಿಫರೆನ್ಶಿಯೇಟ್ ಮಾಡಿ ಗುಣಿಸಿಬಿಡುವುದು ಹೊಸಬರು ಮಾಡುವ ತಪ್ಪು. ಅಧ್ಯಾಪಕರು ಈ ತಪ್ಪನ್ನು ಮೊದಲೇ ಊಹಿಸಿ, ಅದಕ್ಕೆ ತಕ್ಕ ಸೂಚನೆಯನ್ನು ಬರೆದಿಡಬಹುದು. ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆಗಳ ಲೆಕ್ಕ ಬರುವುದರಿಂದ ಪಕ್ಕದವರನ್ನು ನೋಡಿ ಬರೆಯಲೂ ಆಗದು. ಸೊನ್ನೆಯಲ್ಲಿ ಅವಿಚ್ಛಿನ್ನವಾಗಿದ್ದರೂ ಡಿಫರೆನ್ಶಿಯೇಟ್ ಮಾಡಲಾಗದ ಒಂದು ಫಲನ ಕೊಡು ಎಂದೂ ಕೇಳಬಹುದು. ಇದಕ್ಕೆ ಸರಿಯುತ್ತರಗಳು ಹಲವು. ಎಲ್ಲವನ್ನೂ ತಾಳ್ಮೆಯಿಂದ ತಿದ್ದುವಷ್ಟು ಬಿಡುವು ಮನುಷ್ಯರಿಗೆ ಎಲ್ಲಿದೆ?

ಇದು ಶ್ರೀಮಂತ ದೇಶಗಳಿಗೆ ಮಾತ್ರ ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ಕೀನ್ಯಾದ ಮಸೇನೋ ವಿಶ್ವವಿದ್ಯಾಲಯ 2019ರಿಂದ ಸ್ಟ್ಯಾಕ್ ಬಳಸಲಾರಂಭಿಸಿತು. ತುಂಬಿದ ತರಗತಿ, ಬೆರಳೆಣಿಕೆಯ ಅಧ್ಯಾಪಕರು ಎಂಬ ಕಷ್ಟ ಅವರಿಗೂ ಇತ್ತು. ನಮ್ಮ ರಾಜ್ಯದಲ್ಲೂ 2021ರಲ್ಲಿ ಸರ್ಕಾರ 'ಕರ್ನಾಟಕ ಎಲ್‌ಎಂಎಸ್' ಆರಂಭಿಸಿ, ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಸಲಕರಣೆ ಕೈಗೆ ಬಂದಿದೆ. ಅದರಲ್ಲಿ ಲೆಕ್ಕ ಮಾಡಿಸುವ ಕೆಲಸ ಬಾಕಿ ಇದೆ.

ವಿದ್ಯಾರ್ಥಿಗಳೇ, ನಿಮಗೆ ಇನ್ನೊಂದು ಮಾತು. ಜೆಇಇ ಮೇನ್ 2019ರಿಂದ ಪೂರ್ತಿ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ. ಗೇಟ್, ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಬರೆಯುವ ಜಾಮ್ ಕೂಡ ಹಾಗೆಯೇ. ಇವುಗಳಲ್ಲಿ ಆಯ್ಕೆಗಳಿಲ್ಲದೆ ಸಂಖ್ಯೆಯನ್ನೇ ತುಂಬಬೇಕಾದ ಪ್ರಶ್ನೆಗಳೂ ಇರುತ್ತವೆ. ಪರೀಕ್ಷೆಯ ದಿನವೇ ಮೊದಲ ಬಾರಿಗೆ ಕಂಪ್ಯೂಟರ್ ಮುಂದೆ ಕೂರುವವರು, ಬಲ್ಲ ಲೆಕ್ಕವನ್ನೂ ತಪ್ಪಿಸಿಕೊಂಡಾರು.

ಹಾಗೆಂದು ಇದರ ಮಿತಿಗಳನ್ನು ಮುಚ್ಚಿಡಬಾರದು. ಯಂತ್ರ ಮುಖ್ಯವಾಗಿ ಕೊನೆಯ ಉತ್ತರವನ್ನು ನೋಡುತ್ತದೆ. ಪ್ರಮೇಯದ ಸಾಧನೆಯನ್ನು ಓದಿ ತರ್ಕ ಸರಿಯೇ ಎಂದು ಹೇಳುವುದು ಅಧ್ಯಾಪಕರ ಕೆಲಸವೇ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ ಹಾಕುವಂಥ ಟೈಪಿಂಗ್ ಕ್ರಮ ಕಲಿಯಬೇಕು. ನೀವು ಬರೆದದ್ದು ಹೀಗೆ ಅರ್ಥವಾಗಿದೆ ಎಂದು ಸ್ಟ್ಯಾಕ್ ಮೊದಲು ತೋರಿಸುವುದರಿಂದ ಈ ತೊಡಕು ಸ್ವಲ್ಪ ಕಡಿಮೆ. ಕರೆಂಟು ಹೋದರೆ, ನೆಟ್‌ವರ್ಕ್ ಕೈಕೊಟ್ಟರೆ ಏನು ಗತಿ ಎಂಬ ಪ್ರಶ್ನೆಯೂ ಇದೆ. ಆದ್ದರಿಂದ ಮೊದಲಿಗೆ ಇದನ್ನು ಅಂಕಗಳಿಗಲ್ಲ, ಅಭ್ಯಾಸಕ್ಕೆ ಬಳಸೋಣ. ಅಭ್ಯಾಸದಲ್ಲಿ ಹತ್ತು ಸಲ ತಪ್ಪಿದರೂ ನಷ್ಟವಿಲ್ಲ.

ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಹಾಸನದಲ್ಲಿ ಒಂದು ಸರ್ವರ್ ಇಟ್ಟು ಅದರಲ್ಲಿ ಮೂಡಲ್ ಮತ್ತು ಸ್ಟ್ಯಾಕ್ ಅಳವಡಿಸುವುದು ಮೊದಲನೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ಈ ನಾಲ್ಕೂ ಊರುಗಳ ಗಣಿತ ಅಧ್ಯಾಪಕರು ಸೆಮಿಸ್ಟರಿಗೆ ಐದೈದು ಪ್ರಶ್ನೆ ಬರೆದು ಎಲ್ಲರೊಂದಿಗೆ ಹಂಚಿಕೊಳ್ಳುವುದು ಎರಡನೆಯದು. ಇಪ್ಪತ್ತು ಮಂದಿ ಕೈಜೋಡಿಸಿದರೆ ಒಂದೇ ಸೆಮಿಸ್ಟರಿನಲ್ಲಿ ನೂರು ಪ್ರಶ್ನೆ. ಹನಿಗೂಡಿದರೆ ಹಳ್ಳವಲ್ಲವೇ? ಪ್ರತಿ ಊರಿನಲ್ಲೂ ಒಂದು ಕೋಣೆ, ನಾಲ್ಕಾರು ಕಂಪ್ಯೂಟರ್, ಕೊನೆಯ ಬಸ್ಸಿಗೆ ಮೊದಲು ಹೆಣ್ಣುಮಕ್ಕಳಿಗೆಂದೇ ಮೀಸಲಾದ ಒಂದು ಗಂಟೆ, ಇದು ಮೂರನೆಯದು.

ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಝ್ಮಿಯೂ, ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯನೂ ಉದಾಹರಣೆಯ ಲೆಕ್ಕಗಳ ಮೂಲಕವೇ ಗಣಿತ ಕಲಿಸಿದರು. ಲೆಕ್ಕ ಮಾಡಿ ಕಲಿಯುವುದು ಹಳೆಯ ದಾರಿಯೇ. ತಪ್ಪನ್ನು ಆ ಕ್ಷಣದಲ್ಲೇ ತಿಳಿಸುವ ಅನುಕೂಲ ಮಾತ್ರ ಹೊಸದು. ಅದು ನಮ್ಮ ಮಕ್ಕಳಿಗೂ ಸಿಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.