ಮಹಾಮಾರಿಯ ಮೂಲವೂ ಸರಕಾರಗಳ ಸತ್ಯನಿಷ್ಠೆಯೂ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಜ್ಞಾನದ ತರಗತಿಯಲ್ಲಿ ನಾವು ಮೊದಲ ದಿನವೇ ಒಂದು ನಿಯಮವನ್ನು ಹೇಳಿಕೊಡುತ್ತೇವೆ. ಪ್ರಯೋಗದ ಪುಸ್ತಕದಲ್ಲಿ ಬರೆದುದು ತಪ್ಪಾದರೆ ಹಾಳೆಯನ್ನು ಹರಿಯಬಾರದು. ಒಂದು ಗೆರೆ ಎಳೆದು ಮುಂದೆ ಸರಿಯಾದುದನ್ನು ಬರೆಯಬೇಕು. ಹಾಳೆ ಹರಿದರೆ ತಪ್ಪು ಎಲ್ಲಿ ಆಯಿತೆಂಬುದು ಮುಂದೆ ಯಾರಿಗೂ ತಿಳಿಯದು. ಈ ಸಣ್ಣ ನಿಯಮವು ದೊಡ್ಡ ರಾಜ್ಯಗಳಿಗೂ ಸಲ್ಲುತ್ತದೆಂಬುದನ್ನು ಇಂದು ತಮ್ಮಲ್ಲಿ ಅರಿಕೆ ಮಾಡಬಯಸುತ್ತೇವೆ.

ಚೀನಾ ದೇಶದ ವುಹಾನ್ ನಗರದಲ್ಲಿ ಕಾರಣ ತಿಳಿಯದ ನ್ಯೂಮೋನಿಯಾ ಹಬ್ಬಿದ ವಾರ್ತೆ ೨೦೧೯ರ ಡಿಸೆಂಬರ್ ೩೧ರಂದು ಹೊರಬಿದ್ದಿತು. ೨೦೨೦ರ ಜನವರಿ ೩೦ರಂದು ಭಾರತದ ಮೊದಲ ಕೋವಿಡ್ ರೋಗಿ ತೃಶ್ಶೂರಿನಲ್ಲಿಯೂ, ಫೆಬ್ರುವರಿ ೩ರಂದು ಮೂರನೆಯ ರೋಗಿ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿಯೂ ಪತ್ತೆಯಾದರು. ವುಹಾನಿನಲ್ಲಿ ಓದುತ್ತಿದ್ದು ಮನೆಗೆ ಮರಳಿದ ವಿದ್ಯಾರ್ಥಿಗಳು ಅವರು, ದೈವಕೃಪೆಯಿಂದ ಗುಣಮುಖರಾದರು. ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ನಮ್ಮವರು ಪಟ್ಟ ಬವಣೆಯನ್ನು ತಾವೆಲ್ಲರೂ ಬಲ್ಲಿರಿ. ಆದುದರಿಂದ ವುಹಾನಿನಲ್ಲಿ ಮೊದಲು ಏನಾಯಿತೆಂಬುದು ನಮಗೆ ಪರರ ಪ್ರಶ್ನೆಯಲ್ಲ.

ಮೂಲದ ವಿಷಯದಲ್ಲಿ ಎರಡು ವಾದಗಳಿವೆ. ಬಾವಲಿಗಳಲ್ಲಿದ್ದ ವಿಷಾಣುವು ಬೇರೊಂದು ಪ್ರಾಣಿಯ ಮೂಲಕ, ಕಾಡುಪ್ರಾಣಿಗಳನ್ನು ಜೀವಂತವಾಗಿ ಮಾರುತ್ತಿದ್ದ ಹುವಾನಾನ್ ಮಾರುಕಟ್ಟೆಯಲ್ಲಿ ಮನುಷ್ಯನಿಗೆ ಅಂಟಿತೆಂಬುದು ಒಂದು. ೨೦೦೨-೦೩ರ ಸಾರ್ಸ್ ರೋಗವೂ ಇಂಥದೇ ದಾರಿಯಲ್ಲಿ ಬಂದಿತ್ತು. ಅದೇ ನಗರದಲ್ಲಿ ಬಾವಲಿಗಳ ವಿಷಾಣುಗಳನ್ನು ಅಭ್ಯಸಿಸುವ ಸಂಶೋಧನಾಲಯವಿದ್ದು, ಅಲ್ಲಿಂದ ಅದು ಅಕಸ್ಮಾತ್ತಾಗಿ ಹೊರಬಿದ್ದಿತೆಂಬುದು ಇನ್ನೊಂದು. ವಿಷಾಣುತಜ್ಞರಲ್ಲಿ ಬಹುಮಂದಿ ಮೊದಲನೆಯದರತ್ತ ಒಲಿದಿದ್ದಾರೆ. ಅಮೆರಿಕದ ಕೆಲವು ಬೇಹು ಇಲಾಖೆಗಳು ಎರಡನೆಯದರತ್ತ ಒಲಿದಿವೆ. ಆದರೆ ಅವುಗಳಲ್ಲೊಂದಾದ ಸಿ.ಐ.ಎ. ೨೦೨೫ರಲ್ಲಿ ತನ್ನ ಅಭಿಪ್ರಾಯದ ಮೇಲೆ ತನಗೇ ಅಲ್ಪ ವಿಶ್ವಾಸವಿದೆಯೆಂದು ಒಪ್ಪಿಕೊಂಡಿತು.

ಇಷ್ಟು ವರ್ಷ ಕಳೆದರೂ ವಾದ ಮುಗಿಯದಿರಲು ಕಾರಣವೇನು? ಹಾಳೆಗಳು ಕಾಣದಿರುವುದೇ ಕಾರಣ. ೨೦೨೫ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಮಂಡಲಿಯು, ದೊರೆತ ಸಾಕ್ಷ್ಯವು ಪ್ರಾಣಿಮೂಲವನ್ನು ಸೂಚಿಸುತ್ತದೆಯಾದರೂ ಯಾವ ವಾದವನ್ನೂ ತಳ್ಳಿಹಾಕಲಾಗದೆಂದು ಹೇಳಿತು. ಮೊದಲ ರೋಗಿಗಳಿಂದ ಪಡೆದ ನೂರಾರು ವಿಷಾಣುಗಳ ವಂಶವಿವರ, ಮಾರುಕಟ್ಟೆಯ ಪ್ರಾಣಿಗಳ ವಿವರ, ಪ್ರಯೋಗಶಾಲೆಗಳ ವಿವರ, ಇವನ್ನು ಕೇಳಿದರೂ ಚೀನಾ ಕೊಡಲಿಲ್ಲ.

ಲೀ ವೆನ್‌ಲಿಯಾಂಗ್ ಎಂಬ ನೇತ್ರವೈದ್ಯರು ೨೦೧೯ರ ಡಿಸೆಂಬರ್ ೩೦ರಂದು ತಮ್ಮ ಸಹಪಾಠಿ ವೈದ್ಯರಿಗೆ ಎಚ್ಚರಿಕೆಯ ಮಾತು ಹೇಳಿದರು. ಜನವರಿ ೩ರಂದು ಪೊಲೀಸರು ಅವರಿಂದ ಛೀಮಾರಿ ಪತ್ರಕ್ಕೆ ರುಜು ಹಾಕಿಸಿದರು. ಫೆಬ್ರುವರಿ ೭ರಂದು ಅದೇ ರೋಗದಿಂದ ಅವರು ತೀರಿಕೊಂಡರು. ಮಾರ್ಚಿಯಲ್ಲಿ ಆ ಛೀಮಾರಿಯನ್ನು ಹಿಂತೆಗೆದುಕೊಂಡರು. ಹೋದ ಜೀವ ಹಿಂದಿರುಗಲಿಲ್ಲ.

ಆದರೆ ಮರೆಮಾಚುವುದು ಒಂದೇ ದೇಶದ ದೋಷವೆಂದು ಎಣಿಸಬೇಡಿರಿ. ಅಮೆರಿಕದಲ್ಲಿಯೂ ಈ ವಿಷಯದ ಗುಪ್ತ ಕಾಗದಗಳನ್ನು ಹೊರತರಲು ೨೦೨೩ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ೧೯೧೮ರ ಇನ್‌ಫ್ಲುಯೆಂಜಾ ಕಾಲದಲ್ಲಿ ಯುದ್ಧನಿರತ ರಾಷ್ಟ್ರಗಳು ರೋಗದ ವಾರ್ತೆಯನ್ನು ಅಡಗಿಸಿದವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಮಾತ್ರ ಮುಚ್ಚುಮರೆಯಿಲ್ಲದೆ ಬರೆದವು. ಫಲವಾಗಿ ರೋಗಕ್ಕೆ ಸ್ಪೇನಿನ ಹೆಸರೇ ಅಂಟಿತು. ನಿಜ ನುಡಿದವನ ತಲೆಗೇ ಅಪವಾದ!

ಮಕ್ಕಳೇ, ತಿಳಿಯದುದನ್ನು ತಿಳಿಯದೆನ್ನಲು ನಾಚದಿರಿ. ಸಾಕ್ಷ್ಯ ಬರುವ ಮುನ್ನ ತೀರ್ಪು ಕೊಡದಿರಿ. ಸರಕಾರವೊಂದು ಬಾಯಿಮುಚ್ಚಿದ್ದಕ್ಕೆ ಆ ದೇಶದ ಜನರನ್ನು ಹಳಿಯದಿರಿ.

ರಕ್ಷಕರೇ, ತಪ್ಪೊಪ್ಪಿಕೊಂಡ ಮಗುವಿಗೆ ಮೊದಲು ಪೆಟ್ಟು ಬಿದ್ದರೆ ಎರಡನೆಯ ಸಲ ಅದು ಹಾಳೆಯನ್ನು ಹರಿಯುತ್ತದೆ. ಉಪಾಧ್ಯಾಯರಾದ ನಾವೂ ಈ ತಪ್ಪು ಮಾಡಿದ್ದೇವೆ; ಇನ್ನು ಮಾಡೆವು. ನಿಜ ಹೇಳಿ ಪೆಟ್ಟು ತಿನ್ನದೆ ಬೆಳೆದ ಮಕ್ಕಳೇ ನಾಳೆ ಅಧಿಕಾರಿಗಳೂ ವೈದ್ಯರೂ ಆಗತಕ್ಕವರು. ಆಗ ನಿಜ ಹೇಳಬಂದವನನ್ನು ಅವರು ಕುಳ್ಳಿರಿಸಿ ಕೇಳಲಿ ಎಂದು ಹಾರೈಸಿ ವಿರಮಿಸುತ್ತೇವೆ.